ಶಾಲೆಯಲ್ಲಿ ಶಾಂತ, ಮನೆಗೆ ಬಂದರೆ ಸ್ಫೋಟ

ಪ್ರಶ್ನೆ: ಏಳು ವರ್ಷದ ಮಗನಿಗೆ ಆಟಿಸಂ, ಎಡಿಎಚ್‌ಡಿ (ಗಮನದ ಕೊರತೆ, ಅತಿಚಟುವಟಿಕೆ) ಎರಡೂ ಇವೆ. ಶಾಲೆಯಲ್ಲಿ ಏನೂ ತೊಂದರೆಯಿಲ್ಲ ಎನ್ನುತ್ತಾರೆ. ಮನೆಗೆ ಬಂದ ಹತ್ತೇ ನಿಮಿಷಕ್ಕೆ ಶೂ ಬಿಸಾಡಿ, ಕಿರುಚಿ, ತಂಗಿಯನ್ನು ತಳ್ಳುತ್ತಾನೆ. ನೀವೇ ಮುದ್ದು ಮಾಡಿ ಕೆಡಿಸಿದ್ದೀರಿ ಎನ್ನುತ್ತಾರೆ ಎಲ್ಲರೂ. ತಪ್ಪು ನಮ್ಮದೇ?

ಉತ್ತರ: ಖಂಡಿತ ಅಲ್ಲ. ಶಾಲೆಯಲ್ಲಿ ಸುಮ್ಮನಿದ್ದಾನೆ ಎಂದ ಮಾತ್ರಕ್ಕೆ ಅಲ್ಲಿ ಆರಾಮಾಗಿದ್ದಾನೆ ಎಂದಲ್ಲ. ಗದ್ದಲ, ಮೈಗೆ ಮೈ ತಾಗುವ ಸಾಲು, ಗಳಿಗೆಗೊಮ್ಮೆ ಬದಲಾಗುವ ಸೂಚನೆ ಇವನ್ನೆಲ್ಲ ಹಲ್ಲುಕಚ್ಚಿ ತಡೆದುಕೊಂಡು ಬರುವ ಮಗು, ಭಯವಿಲ್ಲದ ಜಾಗ ಸಿಕ್ಕೊಡನೆ ಕುಸಿಯುತ್ತದೆ. ಹಟ ಹಿಡಿದ ಮಗು ಕೇಳಿದ್ದು ಸಿಕ್ಕರೆ ಸಾಮಾನ್ಯವಾಗಿ ಸುಮ್ಮನಾಗುತ್ತದೆ. ಮೆಲ್ಟ್‌ಡೌನ್, ಅಂದರೆ ತಡೆಯಲಾರದೆ ತನ್ನ ಮೇಲಿನ ಹಿಡಿತವೇ ತಪ್ಪುವ ಈ ಕುಸಿತ, ಆದಾಗ ಏನು ಕೊಟ್ಟರೂ ನಿಲ್ಲದು. ಅದಕ್ಕೇ ಗದರಿಕೆಯೂ ಆಮಿಷವೂ ಇಲ್ಲಿ ನಾಟುವುದಿಲ್ಲ.

ಮೊದಲು ಅವನ ಬ್ಯಾಗ್ ತೆರೆದು ನೋಡಿ. ನೀರಿನ ಬಾಟಲಿ ತುಂಬಿಯೇ ಇದೆಯೇ? ಡಬ್ಬಿ ಮುಟ್ಟಿಲ್ಲವೇ? ಮನೆಗೆ ಬಂದೊಡನೆ ಶೌಚಾಲಯಕ್ಕೆ ಓಡುತ್ತಾನೆಯೇ? ಶಾಲೆಯ ಶೌಚಾಲಯದ ವಾಸನೆ, ಪ್ರತಿಧ್ವನಿ ತಡೆಯಲಾರದೆ ಮೂತ್ರ ತಡೆಹಿಡಿಯುವ, ಹೋಗಬೇಕಾದೀತೆಂದು ನೀರು ಕುಡಿಯುವುದನ್ನೇ ಬಿಡುವ ಮಕ್ಕಳಿದ್ದಾರೆ. ಹಸಿವು, ಬಾಯಾರಿಕೆ, ಮಲಬದ್ಧತೆ ಕೂಡಿದರೆ ಯಾವ ಮಗುವಿನ ತಾಳ್ಮೆಯೂ ಉಳಿಯದು. ಅವನು ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್ ಔಷಧಿ ತೆಗೆದುಕೊಳ್ಳುತ್ತಿದ್ದರೆ ಅದೂ ಮಧ್ಯಾಹ್ನದ ಹಸಿವನ್ನು ಕುಗ್ಗಿಸಬಹುದು. ಅಲ್ಪಾವಧಿಯ ಮಾತ್ರೆಯ ಪ್ರಭಾವ ಸುಮಾರು ನಾಲ್ಕು ಗಂಟೆಯಲ್ಲಿ ಇಳಿಯುತ್ತದೆ, ಇಳಿಯುವ ಹೊತ್ತಿಗೆ ಕೆಲವರಿಗೆ ಸಿಡುಕು ಹೆಚ್ಚು. ಮಾತ್ರೆಯ ಸಮಯ, ಸ್ಫೋಟದ ಸಮಯ ಎರಡನ್ನೂ ಎರಡು ವಾರ ಬರೆದು ವೈದ್ಯರಿಗೆ ತೋರಿಸಿ. ಡೋಸ್ ಅನ್ನು ನೀವೇ ಬದಲಿಸಬೇಡಿ.

ಮನೆಗೆ ಬಂದ ಮೊದಲ ಮುಕ್ಕಾಲು ಗಂಟೆ ಅವನನ್ನು ಏನೂ ಕೇಳಬೇಡಿ. ‘ಇವತ್ತು ಏನಾಯ್ತು?’ ಎಂಬ ಸಾದಾ ಪ್ರಶ್ನೆಗೂ ಇಡೀ ದಿನವನ್ನು ನೆನೆದು, ಜೋಡಿಸಿ, ಮಾತಾಗಿಸಬೇಕು. ಆ ಹೊತ್ತಿನಲ್ಲಿ ಅವನಿಗೆ ಅದಕ್ಕೆ ತ್ರಾಣವಿರದು. ಸಮವಸ್ತ್ರ ಬಿಚ್ಚಲಿ, ರೂಢಿಯ ತಿಂಡಿ, ನೀರು ಕೈಗೆಟುಕುವಂತಿರಲಿ, ಬೆಳಕು ಮಂದವಾಗಿರಲಿ. ಕೆಲವರಿಗೆ ಕಂಬಳಿಯೊಳಗೆ ಮುದುಡಿಕೊಳ್ಳಬೇಕು, ಕೆಲವರಿಗೆ ಜಿಗಿಯಬೇಕು, ಉಯ್ಯಾಲೆ ಬೇಕು. ಅವನು ತಾನಾಗಿ ಯಾವುದರತ್ತ ಹೋಗುತ್ತಾನೆ ಎಂಬುದನ್ನು ಗಮನಿಸಿ, ಅದನ್ನೇ ದಿನವೂ ಒದಗಿಸಿ. ಹೋಂವರ್ಕ್ ಆಮೇಲೆ.

ಸ್ಫೋಟ ಶುರುವಾಗಿಬಿಟ್ಟರೆ ತಂಗಿಯನ್ನು ಬೇರೆ ಕೋಣೆಗೆ ಕಳಿಸಿ, ಎಸೆಯಬಹುದಾದ ಗಟ್ಟಿ ವಸ್ತು ಸರಿಸಿ, ಸ್ವಲ್ಪ ದೂರದಲ್ಲಿ ಕುಳಿತುಕೊಳ್ಳಿ. ಪೆಟ್ಟಾಗುವ ಅಪಾಯವಿಲ್ಲದಿದ್ದರೆ ಹಿಡಿಯಬೇಡಿ. ಮಾತಾಡಿದರೆ ಎರಡೇ ಪದ: ‘ಇಲ್ಲೇ ಇದ್ದೀನಿ.’ ಹೆಚ್ಚಿನ ಮನೆಗಳಲ್ಲಿ ಎಡವಟ್ಟಾಗುವುದು ಅಳು ನಿಂತ ಮೇಲೆ. ಮೈ ಇನ್ನೂ ತಣ್ಣಗಾಗದೆ ‘ಹಾಗ್ಯಾಕೆ ಮಾಡಿದೆ?’ ಎಂದು ಕೇಳಿದರೆ ಎರಡನೇ ಸುತ್ತು ಗ್ಯಾರಂಟಿ. ತಂಗಿಯ ಬಗ್ಗೆ ಮಾತಾಡಬೇಕಿದ್ದರೆ ಗಂಟೆಗಳ ನಂತರ ಅಥವಾ ಮರುದಿನ.

ಆ ಪುಟ್ಟಿಗೂ ಒಂದು ಯೋಜನೆ ಬೇಕು. ಎಲ್ಲಿಗೆ ಹೋಗಬೇಕು, ಯಾರು ಜೊತೆಗಿರುತ್ತಾರೆ ಎಂಬುದನ್ನು ಮೊದಲೇ ಹೇಳಿಕೊಡಿ. ದಿನಕ್ಕೆ ಹದಿನೈದು ನಿಮಿಷ ಅವಳಿಗೆಂದೇ ಮೀಸಲಿಡಿ.

ಹೊಸದಾಗಿ ತಲೆ ಚಚ್ಚಿಕೊಳ್ಳುವುದು, ಕರೆದರೂ ಓಗೊಡದೆ ಕೆಲ ಸೆಕೆಂಡು ಶೂನ್ಯ ದಿಟ್ಟಿಸುವುದು, ಕಲಿತ ಮಾತು ಹೋಗುವುದು ಕಂಡರೆ ವೈದ್ಯರ ಭೇಟಿ ತಡಮಾಡಬೇಡಿ. ಹಲ್ಲುನೋವು, ಕಿವಿನೋವು, ಸೆಳವು (ಫಿಟ್ಸ್) ಇವೆಯೇ ಎಂದು ನೋಡಬೇಕಾಗುತ್ತದೆ.

ಶಾಲೆಗೆ ಹೋಗುವಾಗ ದೂರು ಬೇಡ, ನಿಮ್ಮ ಎರಡು ವಾರದ ಪಟ್ಟಿ ಒಯ್ಯಿರಿ. ‘ಸ್ವಲ್ಪ ನೋಡಿಕೊಳ್ಳಿ’ ಎಂದರೆ ಏನೂ ಆಗದು, ಮಾಡಬಹುದಾದ್ದನ್ನೇ ಕೇಳಿ. ಊಟಕ್ಕೆ ಸದ್ದಿಲ್ಲದ ಮೂಲೆ, ಪಾಠದ ನಡುವೆ ಖಾಲಿ ಶೌಚಾಲಯಕ್ಕೆ ಹೋಗಲು ಅನುಮತಿ, ಬಾಯಿಬಿಟ್ಟು ಕೇಳದೆ ತೋರಿಸಿದರೆ ಸಾಕಾಗುವ ವಿರಾಮದ ಕಾರ್ಡ್, ಗಂಟೆ ಬಾರಿಸುವ ಐದು ನಿಮಿಷ ಮೊದಲೇ ಹೊರಡುವ ಅವಕಾಶ. ಎಲ್ಲವನ್ನೂ ಒಟ್ಟಿಗೆ ಶುರುಮಾಡಬೇಡಿ, ಯಾವುದರಿಂದ ಫಲ ಸಿಕ್ಕಿತೆಂದು ತಿಳಿಯುವುದಿಲ್ಲ. ಬಾಟಲಿ ತುಂಬಿಯೇ ಬರುತ್ತಿದ್ದರೆ ಶೌಚಾಲಯದಿಂದಲೇ ಆರಂಭಿಸಿ.