ಹೊಸ ಮನೆಗೆ ಪರಿಸರಕ್ಕೆ ಕೇಡಾಗದ, ನ್ಯಾಯವಾಗಿ ತಯಾರಾದ ಬಟ್ಟೆ ಮತ್ತು ಸಾಮಾನುಗಳನ್ನು ಆರಿಸುವುದು ಹೇಗೆ?

ಮದುವೆಯಾಗಿ ಬೆಂಗಳೂರಿನಲ್ಲಿ ಹೊಸದಾಗಿ ಮನೆ ಮಾಡುತ್ತಿದ್ದೇವೆ, ಕೈಯಲ್ಲಿ ಹೆಚ್ಚು ಹಣವಿಲ್ಲ ಎಂದು ಬರೆದಿದ್ದೀರಿ. ಕೊಳ್ಳುವ ವಸ್ತು ಮಣ್ಣು ನೀರು ಕೆಡಿಸಬಾರದು, ಅದನ್ನು ಮಾಡಿದವರ ಹೊಟ್ಟೆಯ ಮೇಲೂ ಹೊಡೆದಿರಬಾರದು, ಆದರೆ ಅಂಗಡಿಯಲ್ಲಿ ಎಲ್ಲದರ ಮೇಲೂ ಹಸಿರು ಎಲೆಯ ಚಿತ್ರವಿರುವಾಗ ನಂಬುವುದು ಯಾವುದನ್ನು ಎಂದು ಕೇಳಿದ್ದೀರಿ. ಮನೆಯಲ್ಲಿರುವ ಪ್ಲಾಸ್ಟಿಕ್ ಡಬ್ಬಿ, ಪಾಲಿಯೆಸ್ಟರ್ ಬಟ್ಟೆಗಳನ್ನು ಬಿಸಾಡಿಬಿಡಬೇಕೇ ಎಂಬ ಪ್ರಶ್ನೆಯೂ ಇದೆ. ಅದಕ್ಕೆ ಉತ್ತರವನ್ನು ಈಗಲೇ ಹೇಳಿಬಿಡುತ್ತೇನೆ: ಬಿಸಾಡಬೇಡಿ. ಕಾರಣವನ್ನು ಕೊನೆಯಲ್ಲಿ ಹೇಳುತ್ತೇನೆ.

ನನ್ನ ಅಮ್ಮ ಹದಿನಾರು ವರ್ಷ ಪೀಣ್ಯದ ಕಡೆ ಗಾರ್ಮೆಂಟ್ಸ್‌ನಲ್ಲಿ ಹೊಲಿದವರು. ನಾಗಮಂಗಲದ ಹತ್ತಿರದ ಹಳ್ಳಿಯಿಂದ ಬಂದು, ಲಗ್ಗೆರೆಯಲ್ಲಿ ಒಂದು ಕೋಣೆಯ ಬಾಡಿಗೆ ಮನೆ ಹಿಡಿದು, ಹೆಲ್ಪರ್ ಆಗಿ ಸೇರಿ ಟೈಲರ್ ಆದರು. ಇವತ್ತಿಗೂ ಯಾವ ಬಟ್ಟೆಯಂಗಡಿಗೆ ಹೋದರೂ ಅಮ್ಮ ಉಡುಪಿನ ಒಳಮೈಯನ್ನು ಹೊರಗೆ ತಿರುಗಿಸಿ ನೋಡುತ್ತಾರೆ. ಹೊಲಿಗೆ ಒತ್ತಾಗಿ ಬಿದ್ದಿದೆಯೇ, ಅಂಚಿನ ಓವರ್‌ಲಾಕ್ ಬಿಡುತ್ತಿದೆಯೇ, ಮುಂದೆ ಅಗಲ ಮಾಡಲು ಬದಿಯಲ್ಲಿ ಬಟ್ಟೆ ಬಿಟ್ಟಿದ್ದಾರೆಯೇ ಎಂದು ಬೆರಳಿನಲ್ಲೇ ಓದುತ್ತಾರೆ. ಬೆಲೆಯ ಚೀಟಿಯನ್ನು ಆಮೇಲೆ ನೋಡುತ್ತಾರೆ. ಪರಿಸರಸ್ನೇಹಿ ವಸ್ತುಗಳ ಬಗ್ಗೆ ನನಗೆ ತಿಳಿದಿರುವುದೆಲ್ಲ ಹೀಗೆ ಒಳಮೈ ತಿರುಗಿಸಿ ನೋಡುವುದರಿಂದ ಶುರುವಾಯಿತು.

ಒಮ್ಮೆ ಅಮ್ಮನ ಲೈನಿಗೆ ಆರ್ಗ್ಯಾನಿಕ್ ಹತ್ತಿಯ ಮಕ್ಕಳ ಅಂಗಿಗಳ ಆರ್ಡರ್ ಬಂದಿತ್ತು. ಬಟ್ಟೆ ಬೆಣ್ಣೆಯ ಹಾಗಿತ್ತು ಎಂದು ಈಗಲೂ ನೆನೆಯುತ್ತಾರೆ. ಆದರೆ ಗಂಟೆಗೆ ಇಷ್ಟು ಪೀಸ್ ಎಂಬ ಟಾರ್ಗೆಟ್ ಹಿಂದಿನಷ್ಟೇ ಇತ್ತು. ಮುಗಿಯದಿದ್ದರೆ ಸೂಪರ್‌ವೈಸರ್ ಬಾಯಿಗೆ ಬಂದಂತೆ ಬೈಯುವುದೂ ತಪ್ಪಲಿಲ್ಲ, ಟಾಯ್ಲೆಟ್‌ಗೆ ಎದ್ದು ಹೋಗಬೇಕಾದೀತು ಎಂದು ಮಧ್ಯಾಹ್ನದವರೆಗೆ ನೀರು ಕುಡಿಯದೆ ಕೂರುವುದೂ ತಪ್ಪಲಿಲ್ಲ. ಖರೀದಿದಾರರ ಕಡೆಯವರು ತಪಾಸಣೆಗೆ ಬರುವ ದಿನ ಮಾತ್ರ ಎಲ್ಲರಿಗೂ ಮಾಸ್ಕ್ ಹಂಚುತ್ತಿದ್ದರು. ಆ ಅಂಗಿಗಳ ಮೇಲೆ ಹಚ್ಚಿದ ಚೀಟಿಯಲ್ಲಿ ಸುಳ್ಳೇನೂ ಇರಲಿಲ್ಲ. ಅದು ಹತ್ತಿಯ ಬಗ್ಗೆ ಹೇಳಿತ್ತು, ಹೊಲಿದ ಕೈಗಳ ಬಗ್ಗೆ ಹೇಳಿರಲಿಲ್ಲ, ಅಷ್ಟೇ.

2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ಢಾಕಾ ಸಮೀಪದ ಸಾವರ್‌ನಲ್ಲಿ ಗಾರ್ಮೆಂಟ್ಸ್ ಕಾರ್ಖಾನೆಗಳಿದ್ದ ರಾಣಾ ಪ್ಲಾಜಾ ಎಂಬ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಹಿಂದಿನ ದಿನವೇ ಗೋಡೆಗಳಲ್ಲಿ ಬಿರುಕು ಕಂಡಿತ್ತು. ಅದೇ ಕಟ್ಟಡದಲ್ಲಿದ್ದ ಬ್ಯಾಂಕಿನವರು ತಮ್ಮ ಸಿಬ್ಬಂದಿಯನ್ನು ಮನೆಗೆ ಕಳುಹಿಸಿದ್ದರು, ಹೊಲಿಯುವವರನ್ನು ಮಾತ್ರ ಮರುದಿನ ಕೆಲಸಕ್ಕೆ ಕರೆದರು. ಟಿವಿಯಲ್ಲಿ ಅದನ್ನು ನೋಡಿದ ರಾತ್ರಿ ಅಮ್ಮ ಊಟ ಮಾಡಲಿಲ್ಲ. ಮೂರು ವರ್ಷಗಳ ನಂತರ, ಮಾಲೀಕರು ಕಟ್ಟುವ ಪಾಲಿನ ಪಿ.ಎಫ್. ಹಣವನ್ನು 58 ವರ್ಷ ತುಂಬುವ ಮೊದಲು ತೆಗೆಯುವಂತಿಲ್ಲ ಎಂಬ ನಿಯಮ ಬಂದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಬೀದಿಗಿಳಿದರು. ಅದು 2016ರ ಏಪ್ರಿಲ್ 18 ಮತ್ತು 19. ಎರಡನೆಯ ದಿನವೇ ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂದಕ್ಕೆ ಪಡೆಯಿತು. ನೀವು ಮನೆ ಮಾಡುತ್ತಿರುವ ಊರಿನಲ್ಲಿ ನ್ಯಾಯವಾದ ಬಟ್ಟೆ ಎಂಬ ಮಾತಿಗೆ ಇಂಥ ಹೆಂಗಸರ ಮುಖವಿದೆ ಎಂದು ತಿಳಿಸಲು ಇಷ್ಟು ಹೇಳಿದೆ.

ಈಗ ಚೀಟಿಗಳ ವಿಷಯ. 'ನ್ಯಾಚುರಲ್', 'ಇಕೋ', 'ಗ್ರೀನ್' ಎಂಬ ಬರಿಯ ಪದಗಳನ್ನು ಲೆಕ್ಕಕ್ಕೇ ಹಿಡಿಯಬೇಡಿ. ಇಂಥ ಮಾತಿಗೆ ಆಧಾರ ಕೊಡಬೇಕು, ವಿವರ ಬಹಿರಂಗಪಡಿಸಬೇಕು ಎಂದು 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಮಾರ್ಗಸೂಚಿ ಹೊರಡಿಸಿದೆ. ಮೋಸ ಎನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಬಟ್ಟೆಯ ಮೇಲೆ ಜಿ.ಒ.ಟಿ.ಎಸ್. (ಸಾವಯವ ಬಟ್ಟೆಯ ಅಂತರರಾಷ್ಟ್ರೀಯ ಮಾನದಂಡ) ಗುರುತು ಇದ್ದರೆ ಕನಿಷ್ಠ ಶೇ 70ರಷ್ಟು ಸಾವಯವ ನಾರು ಇರಲೇಬೇಕು. ಪೂರ್ತಿಯಾಗಿ 'ಆರ್ಗ್ಯಾನಿಕ್' ಎಂದು ಬರೆದುಕೊಳ್ಳಲು ಶೇ 95 ಬೇಕು. ಬಣ್ಣ ಹಾಕುವ ರಾಸಾಯನಿಕಗಳಿಗೂ ದುಡಿಯುವವರ ಸ್ಥಿತಿಗೂ ಅದರಲ್ಲಿ ನಿಯಮಗಳಿವೆ. ಹಾಗಾಗಿ ನನ್ನ ಮಟ್ಟಿಗೆ ಅದು ಬರಿಯ ಆರ್ಗ್ಯಾನಿಕ್ ಪದಕ್ಕಿಂತ ಎಷ್ಟೋ ಮೇಲು. ಗುರುತಿನ ಜೊತೆಗಿರುವ ಪರವಾನಗಿ ಸಂಖ್ಯೆಯನ್ನು ಅವರ ಜಾಲತಾಣದಲ್ಲಿ ಹುಡುಕಿ, ಸಿಗದಿದ್ದರೆ ಬಿಡಿ. ಓಕೋ-ಟೆಕ್ಸ್ ಸ್ಟ್ಯಾಂಡರ್ಡ್ 100 ಎಂಬುದು ಬೇರೆ. ಸಿದ್ಧವಾದ ಬಟ್ಟೆಯಲ್ಲಿ ಮೈಗೆ ಹಾನಿಯಾಗುವ ರಾಸಾಯನಿಕ ಉಳಿದಿದೆಯೇ ಎಂದು ಅದು ಪರೀಕ್ಷಿಸುತ್ತದೆ. ಕೂಸಿನ ಬಟ್ಟೆಗೆ ಅದು ಒಳ್ಳೆಯದೇ, ಆದರೆ ಕೂಲಿಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಬಿದಿರಿನ ಬಟ್ಟೆಯಲ್ಲಿ ನಾನೇ ಮೋಸ ಹೋದೆ. ಮೃದುವಾಗಿದೆ, ಬಿದಿರು ಬೇಗ ಬೆಳೆಯುತ್ತದೆ, ನೀರು ಹೆಚ್ಚು ಬೇಡ ಎಂದು ಆರು ಟವೆಲ್ ತಂದೆ. ಆಮೇಲೆ ಓದಿ ತಿಳಿಯಿತು: ಮಾರುಕಟ್ಟೆಯ ಬಿದಿರು ಬಟ್ಟೆ ಬಹುಪಾಲು ವಿಸ್ಕೋಸ್. ಬಿದಿರನ್ನು ಕಾಸ್ಟಿಕ್ ಸೋಡಾ, ಕಾರ್ಬನ್ ಡೈಸಲ್ಫೈಡ್ ಹಾಕಿ ಕರಗಿಸಿ ಎಳೆ ತೆಗೆಯುತ್ತಾರೆ. ಆ ಕಾರ್ಬನ್ ಡೈಸಲ್ಫೈಡ್ ಕಾರ್ಖಾನೆಯಲ್ಲಿ ಉಸಿರಾಡುವವರ ನರಗಳಿಗೆ ವಿಷ.

ಬಣ್ಣದ ವಿಷಯದಲ್ಲಿ ತಮಿಳುನಾಡಿನ ತಿರುಪ್ಪೂರನ್ನು ಮರೆಯಬೇಡಿ. ನಾವು ಅಗ್ಗಕ್ಕೆ ಕೊಳ್ಳುವ ಎಷ್ಟೋ ಬನಿಯನ್, ಟಿ-ಶರ್ಟ್‌ಗಳು ಬರುವುದು ಅಲ್ಲಿಂದ. ಬಣ್ಣದ ಕಾರ್ಖಾನೆಗಳ ಉಪ್ಪುನೀರು ನೊಯ್ಯಲ್ ನದಿಗೆ ಇಳಿದು ಒರತ್ತುಪಾಳಯಂ ಅಣೆಕಟ್ಟೆಯ ನೀರು ಹೊಲಕ್ಕೆ ಹಾಯಿಸಲಾಗದಷ್ಟು ಕೆಟ್ಟಿತು. ರೈತರು ನ್ಯಾಯಾಲಯಕ್ಕೆ ಹೋದರು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಆದೇಶದಿಂದ ನೂರಾರು ಘಟಕಗಳು ಮುಚ್ಚಿದವು. ಕೊಳೆನೀರನ್ನು ಹೊರಗೆ ಒಂದು ಹನಿಯೂ ಬಿಡದೆ ಶುದ್ಧಗೊಳಿಸಿ ಮತ್ತೆ ಬಳಸಬೇಕೆಂಬ ವ್ಯವಸ್ಥೆ ಅಲ್ಲಿ ಬಲವಾದದ್ದು ಆ ಪೆಟ್ಟಿನಿಂದ. ಅದಕ್ಕೆ ಖರ್ಚಾಗುತ್ತದೆ. ಹೀಗಿರುವಾಗ ನೂರು ರೂಪಾಯಿಗೆ ಗಾಢ ಬಣ್ಣದ ಅಂಗಿ ಸಿಕ್ಕಿದರೆ ಆ ಖರ್ಚನ್ನು ಯಾರು ಹೊತ್ತರು ಎಂದು ನನಗಂತೂ ಯೋಚನೆಯಾಗುತ್ತದೆ.

ಹಾಗಾದರೆ ಏನು ಕೊಳ್ಳುವುದು? ಹಾಸಿಗೆ ಹೊದಿಕೆ, ಟವೆಲ್, ಮನೆಯಲ್ಲಿ ಉಡುವ ಬಟ್ಟೆ, ಹಬ್ಬದ ಸೀರೆಗೆ ನಾನು ಮೊದಲು ಹೋಗುವುದು ಕೈಮಗ್ಗಕ್ಕೆ. ಇಲ್ಲಿ ಎರಡು ಪದಗಳನ್ನು ಬೇರೆಬೇರೆಯಾಗಿ ತಿಳಿದಿರಬೇಕು. ಖಾದಿ ಎಂದರೆ ಕೈಯಲ್ಲಿ ನೂತ ನೂಲನ್ನು ಕೈಮಗ್ಗದಲ್ಲಿ ನೇಯ್ದದ್ದು, ಅದಕ್ಕೆ 2013ರ ನಿಯಮದಂತೆ ಖಾದಿ ಮಾರ್ಕ್ ಇದೆ. ಕೈಮಗ್ಗದ ಬಟ್ಟೆಯಲ್ಲಿ ನೂಲು ಗಿರಣಿಯದ್ದಿರಬಹುದು, ನೇಯ್ಗೆ ಕೈಯದು, ಅದರ ಗುರುತು ಹ್ಯಾಂಡ್‌ಲೂಮ್ ಮಾರ್ಕ್ 2006ರಿಂದ ಇದೆ. ಕೈಮಗ್ಗ ಎಂದಮಾತ್ರಕ್ಕೆ ನೈಸರ್ಗಿಕ ಬಣ್ಣ ಎಂದು ತಿಳಿಯಬೇಡಿ, ಹೆಚ್ಚಿನವಕ್ಕೆ ರಾಸಾಯನಿಕ ಬಣ್ಣವೇ. ನೈಸರ್ಗಿಕ ಬಣ್ಣವೇ ಬೇಕಿದ್ದರೆ ಸಾಗರ ತಾಲ್ಲೂಕಿನ ಭೀಮನಕೋಣೆಯ ಚರಕ ಮಹಿಳಾ ಸಹಕಾರ ಸಂಘದ ಬಟ್ಟೆಗಳನ್ನು ನೋಡಿ. ರಂಗಕರ್ಮಿ ಪ್ರಸನ್ನ ಅವರು ಕಟ್ಟಿದ ಸಂಸ್ಥೆ ಅದು. ಅಡಿಕೆ ಬೇಯಿಸಿದಾಗ ಸಿಗುವ ಚೊಗರಿನಂಥ ಮಲೆನಾಡಿನ ಪದಾರ್ಥಗಳಿಂದ ಬಣ್ಣ ಹಾಕುತ್ತಾರೆ, 'ದೇಸಿ' ಎಂಬ ಹೆಸರಿನಲ್ಲಿ ಮಾರುತ್ತಾರೆ. ನೇಯುವವರು, ಬಣ್ಣ ಹಾಕುವವರು, ಹೊಲಿಯುವವರು ಆ ಸುತ್ತಲಿನ ಹಳ್ಳಿಗಳ ಹೆಂಗಸರೇ. ಕೈಯಿಂದ ಮಾಡಿದ ವಸ್ತುಗಳ ಮೇಲೆ ಜಿ.ಎಸ್.ಟಿ. ಬೇಡ ಎಂದು ಪ್ರಸನ್ನ 2017ರಲ್ಲಿ ಉಪವಾಸ ಕುಳಿತಿದ್ದರು. 2020ರಲ್ಲಿ ಕೊರೊನಾದಿಂದ ಮಾರಾಟ ನಿಂತಾಗ ಚರಕವೂ ಕಷ್ಟಕ್ಕೆ ಸಿಕ್ಕಿತು. ಇಂಥ ಕಡೆ ನಾವು ಕೊಳ್ಳುವ ಒಂದು ಕುರ್ತಾಕ್ಕೂ ತೂಕವಿದೆ.

ಸೀರೆಗೆ ಇಳಕಲ್ ಇದೆ, ಉಡುಪಿ ಸೀರೆ ಇದೆ. ಎರಡಕ್ಕೂ ಆಯಾ ಊರಿನದ್ದೇ ಎಂದು ಸಾರುವ ಭೌಗೋಳಿಕ ಗುರುತು (ಜಿ.ಐ.) ಸಿಕ್ಕಿದೆ. ಉಡುಪಿ ಸೀರೆ ನೇಯುವವರು ಬೆರಳೆಣಿಕೆಯಷ್ಟಾಗಿದ್ದಾಗ ಕಿನ್ನಿಗೋಳಿ ಹತ್ತಿರದ ತಾಳಿಪಾಡಿಯ ನೇಕಾರರ ಸಂಘದಲ್ಲಿ ಮತ್ತೆ ಮಗ್ಗದ ಸದ್ದು ಕೇಳುವಂತಾದದ್ದು ನನಗೆ ತುಂಬ ಸಂತೋಷ ಕೊಟ್ಟ ಸಂಗತಿ. ಇಳಕಲ್ ಹೆಸರಿನಲ್ಲಿ ಪವರ್‌ಲೂಮಿನ ಪಾಲಿಯೆಸ್ಟರ್ ಸೀರೆಗಳೂ ಬರುತ್ತವೆ, ಹಾಗಾಗಿ ಇಲ್ಲಿಯೂ ತಿರುಗಿಸಿ ನೋಡಬೇಕು. ನಿಜವಾದ ಇಳಕಲ್‌ನಲ್ಲಿ ಒಡಲಿನ ಹಾಸಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಜೋಡಿಸಿರುತ್ತಾರೆ. ಆ ಕೂಡಿಕೆ ಬೆರಳಿಗೆ ಸಿಗುತ್ತದೆ. ಅಂಚಿನುದ್ದಕ್ಕೂ ಸಣ್ಣ ಸೂಜಿತೂತುಗಳಿದ್ದರೆ ಅದು ಮಗ್ಗದ ಸುಳಿವು, ಆದರೆ ಅದೊಂದನ್ನೇ ಸಾಕ್ಷಿ ಎಂದುಕೊಳ್ಳಬೇಡಿ. ಗೊತ್ತಾಗದಿದ್ದರೆ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮದ ಪ್ರಿಯದರ್ಶಿನಿ ಮಳಿಗೆಗೆ ಹೋಗಿ. ಎಲ್ಲಿ ಕೊಂಡರೂ ನೇಯ್ದ ಊರು ಯಾವುದು ಎಂದು ಕೇಳಿ. ಊರಿನ ಹೆಸರು ಹೇಳಲಾಗದ ಅಂಗಡಿಯವರು ಕೂಲಿಯ ಬಗ್ಗೆ ಏನೂ ಹೇಳಲಾರರು.

ದುಬಾರಿಯಾಗುತ್ತದೆ ಎಂಬ ನಿಮ್ಮ ಆತಂಕ ನಿಜವೇ. ನಾವು ಕಂಡುಕೊಂಡ ದಾರಿ ಎಂದರೆ ಸಂಖ್ಯೆ ಕಡಿಮೆ ಮಾಡುವುದು. ನಮ್ಮ ಮನೆಯಲ್ಲಿ ಹಾಸಿಗೆಗೆ ಎರಡೇ ಜೊತೆ ಹೊದಿಕೆ, ಒಂದು ಹಾಸಿದ್ದಾಗ ಇನ್ನೊಂದು ಒಗೆತಕ್ಕೆ. ಆರು ವರ್ಷದಿಂದ ಅವೇ ಇವೆ. ನೈಸರ್ಗಿಕ ಬಣ್ಣದ್ದನ್ನು ಮೊದಲ ಮೂರು ನಾಲ್ಕು ಸಲ ಬೇರೆಯಾಗಿಯೇ ಒಗೆಯಿರಿ, ನೆರಳಿನಲ್ಲಿ ಒಣಗಿಸಿ. ಆಫೀಸಿನ ಪ್ಯಾಂಟು, ಒಳ ಉಡುಪುಗಳನ್ನು ನಾವೂ ಸಾಮಾನ್ಯ ಅಂಗಡಿಯಲ್ಲೇ ಕೊಳ್ಳುತ್ತೇವೆ. ಅಲ್ಲಿ ಅಮ್ಮನ ಪರೀಕ್ಷೆಯಲ್ಲಿ ಪಾಸಾದದ್ದನ್ನು ತಂದು, ಹರಿದರೆ ಬೀದಿಯ ಟೈಲರ್ ಹತ್ತಿರ ಸರಿಮಾಡಿಸಿಕೊಳ್ಳುತ್ತೇವೆ. ಬಟ್ಟೆಯ ಕೈಚೀಲವನ್ನೂ ಸಿಕ್ಕಲ್ಲೆಲ್ಲ ಕೊಳ್ಳಬೇಡಿ. ಹತ್ತಿ ಬೆಳೆಯಲು ಅಷ್ಟು ನೀರು, ಗೊಬ್ಬರ ಹೋಗುವುದರಿಂದ, ಹವಾಮಾನದ ಲೆಕ್ಕವೊಂದನ್ನೇ ಹಿಡಿದರೂ ತೆಳು ಪ್ಲಾಸ್ಟಿಕ್ ಚೀಲಕ್ಕೆ ಸರಿದೂಗಲು ಹತ್ತಿಯ ಚೀಲವನ್ನು ಐವತ್ತು ಸಲವಾದರೂ ಬಳಸಬೇಕು ಎಂದು 2018ರಲ್ಲಿ ಡೆನ್ಮಾರ್ಕ್‌ನ ಪರಿಸರ ಇಲಾಖೆಯ ಅಧ್ಯಯನ ಲೆಕ್ಕ ಹಾಕಿತ್ತು. ಮದುವೆಯ ತಾಂಬೂಲದ ಚೀಲಗಳು ನಿಮ್ಮ ಮನೆಯಲ್ಲೂ ಇರಬೇಕಲ್ಲ, ಅವೇ ಸಾಕು.

ಮನೆ ಸಾಮಾನಿನಲ್ಲಿ ದಾರಿ ಸುಲಭ. ಕಬ್ಬಿಣದ ಹೆಂಚು, ಸ್ಟೀಲ್ ಪಾತ್ರೆ, ಸ್ಟೀಲ್ ಡಬ್ಬಿ, ಹೊಸದಕ್ಕೆ ಹಣವಿಲ್ಲದಿದ್ದರೆ ಊರಿನ ಅಟ್ಟದ ಮೇಲಿರುವುದನ್ನು ಕೇಳಿ ತನ್ನಿ. ನಾನ್‌ಸ್ಟಿಕ್ ಲೇಪ ಎದ್ದ ಮೇಲೆ ಪಾತ್ರೆ ಕಸವೇ, ಕಬ್ಬಿಣ ಮೂರು ತಲೆಮಾರಿಗೆ ಬರುತ್ತದೆ. ಹಿತ್ತಾಳೆಯಲ್ಲಿ ಅಡುಗೆ ಮಾಡುವುದಾದರೆ ಕಲಾಯಿ ಹಾಕಿಸಿ, ಇಲ್ಲದಿದ್ದರೆ ಹುಳಿ ಹಾಕಿದ ಸಾರು ಕಿಲುಬು ಹಿಡಿಯುತ್ತದೆ. ಪಾತ್ರೆ ಉಜ್ಜಲು ತೆಂಗಿನ ನಾರು, ಮೈ ಉಜ್ಜಲು ಒಣಗಿದ ಹೀರೆಕಾಯಿ. ಅಂಟುವಾಳಕಾಯಿಯನ್ನು ಎಲ್ಲದಕ್ಕೂ ಮದ್ದು ಎಂಬಂತೆ ಹೊಗಳುವವರಿದ್ದಾರೆ. ನನ್ನ ಅನುಭವದಲ್ಲಿ ರೇಷ್ಮೆ, ಉಣ್ಣೆ, ದಿನದ ಬೆವರಿನ ಬಟ್ಟೆಗೆ ಅದು ಬಹಳ ಚೆನ್ನ, ಎಣ್ಣೆಜಿಡ್ಡಿಗೆ ಸಾಲುವುದಿಲ್ಲ. ಕಸದ ಚೀಲದ ಮೇಲೆ 'ಬಯೋಡಿಗ್ರೇಡಬಲ್' ಎಂದಷ್ಟೇ ಇದ್ದರೆ ಕೊಳ್ಳಬೇಡಿ. ಗೊಬ್ಬರವಾಗುವ ಚೀಲಕ್ಕೆ ಐ.ಎಸ್. 17088 ಎಂಬ ಮಾನದಂಡವಿದೆ, ತಯಾರಕರಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಬೇಕು. ಹಾಗಿದ್ದರೂ ಅದು ನಿಮ್ಮ ಬಾಲ್ಕನಿಯ ಕುಂಡದಲ್ಲಿ ಬೇಗ ಕರಗದು, ಅದಕ್ಕೆ ದೊಡ್ಡ ಗೊಬ್ಬರ ಘಟಕದ ಬಿಸಿ ಬೇಕು.

ಹೊಸ ಮನೆಯಲ್ಲಿ ನಾನು ಮೊದಲು ಹಣ ಹಾಕುವುದು ಫ್ಯಾನಿಗೆ. ಹಳೆಯ ಮಾದರಿಯ ಫ್ಯಾನು ಸುಮಾರು 75 ವ್ಯಾಟ್ ತಿನ್ನುತ್ತದೆ, ಕಡಿಮೆ ವಿದ್ಯುತ್ ಎಳೆಯುವ ಹೊಸ ಬಗೆಯ ಮೋಟರಿನ ಬಿ.ಎಲ್.ಡಿ.ಸಿ. ಫ್ಯಾನು 30-35 ವ್ಯಾಟ್. ದಿನಕ್ಕೆ ಹನ್ನೆರಡು ಗಂಟೆ ತಿರುಗಿದರೆ ವರ್ಷಕ್ಕೆ ಒಂದೊಂದು ಫ್ಯಾನಿನಿಂದಲೂ ಸುಮಾರು 175 ಯೂನಿಟ್ ಉಳಿಯುತ್ತದೆ. ಬಿದಿರಿನ ಹಲ್ಲುಜ್ಜುವ ಬ್ರಷ್ಷು ಕೊಂಡರೆ ಇಷ್ಟು ಉಳಿಯದು. ಫ್ರಿಡ್ಜ್ ಕೊಳ್ಳುವಾಗ ನಕ್ಷತ್ರಗಳ ಜೊತೆಗೆ ಚೀಟಿಯಲ್ಲಿರುವ ವರ್ಷವನ್ನೂ ನೋಡಿ, ನಿಯಮ ಬಿಗಿಯಾದಂತೆ ಹಳೆಯ ಐದು ನಕ್ಷತ್ರ ಈಗ ನಾಲ್ಕೋ ಮೂರೋ ಆಗಿರುತ್ತದೆ.

ಇನ್ನು ಹಳೆಯದರ ಮಾತು. ಪ್ಲಾಸ್ಟಿಕ್ ಡಬ್ಬಿಯನ್ನು ಮಾಡುವಾಗ ಆಗಬೇಕಾದ ಕೇಡು ಆಗಿಹೋಗಿದೆ, ಈಗ ಎಸೆದರೆ ಕೇಡು ಇನ್ನೊಂದು ಕಡೆಗೆ ಹೋಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ಬಿಸಿ ಊಟ, ಎಣ್ಣೆ, ಉಪ್ಪಿನಕಾಯಿ ಹಾಕಬೇಡಿ. ಮೊಳೆ, ದಾರ, ಬೀಜಗಳಿಗೆ ಇಟ್ಟುಕೊಳ್ಳಿ. ಪಾಲಿಯೆಸ್ಟರ್ ಅಂಗಿಯನ್ನು ಹರಿಯುವವರೆಗೂ ಹಾಕಿ, ಆದರೆ ಕಡಿಮೆ ಸಲ ಒಗೆಯಿರಿ, ಒಗೆದಾಗಲೆಲ್ಲ ಅದರಿಂದ ಪ್ಲಾಸ್ಟಿಕ್ಕಿನ ಸಣ್ಣ ಎಳೆಗಳು ನೀರಿಗೆ ಹೋಗುತ್ತವೆ.

ನನ್ನ ಅತ್ತೆ ಗದಗದ ಕಡೆಯವರು. ನಮ್ಮ ಮದುವೆಗೆ ಅವರು ಕೊಟ್ಟದ್ದು ತಮ್ಮ ಮತ್ತು ತಮ್ಮ ತಾಯಿಯ ಸೀರೆಗಳನ್ನು ಪದರ ಮಾಡಿ ಹೊಲಿದ ಒಂದು ಕೌದಿ. ಅಮ್ಮ ಅದನ್ನೂ ತಿರುಗಿಸಿ ನೋಡಿದರು, ಮತ್ತೆ ತಿರುಗಿಸಿದರು. ಎರಡೂ ಕಡೆ ಹೊಲಿಗೆ ಒಂದೇ ಸಮ ಇತ್ತು. "ಇದನ್ನು ಹೊಲಿಯಲು ಎಷ್ಟು ದಿನ ಹಿಡಿಯಿತು?" ಎಂದು ಬೀಗಿತ್ತಿಯನ್ನು ಕೇಳಿದರು. ಒಂದು ಮಳೆಗಾಲ ಪೂರ್ತಿ ಎಂದರು ಅತ್ತೆ. ನಿಮಗೂ ಬೇಕೆನಿಸಿದರೆ ಹುಬ್ಬಳ್ಳಿ, ಧಾರವಾಡ, ಗದಗದ ಕಡೆ ಕೂಲಿಗೆ ಹೊಲಿದುಕೊಡುವ ಹೆಂಗಸರು ಈಗಲೂ ಇದ್ದಾರೆ. ಐದಾರು ಹಳೆಯ ಸೀರೆಗಳನ್ನು ಒಗೆದು ಒಟ್ಟುಮಾಡಿಕೊಳ್ಳಿ. ಮೇಲಿನ ಮತ್ತು ಕೆಳಗಿನ ಪದರಕ್ಕೆ ಹತ್ತಿಯದೇ ಇರಲಿ. ನೀವು ಬಿಸಾಡಬೇಕೆಂದಿದ್ದ ಪಾಲಿಯೆಸ್ಟರ್ ಸೀರೆ ನಡುವಿನ ಪದರಕ್ಕೆ ಆಗುತ್ತದೆ.