ಮ್ಯಾಕ್‌ಬೆತ್ ಕೆಟ್ಟದ್ದು ಹೆಂಗಸರಿಂದಲೇ?

ನಿಮ್ಮ ಪ್ರಶ್ನೆ: ‘ಮ್ಯಾಕ್‌ಬೆತ್‌ನನ್ನು ಕೊಲೆಗಾರನನ್ನಾಗಿ ಮಾಡಿದವರು ಯಾರು, ಮೂವರು ಮಾಟಗಾತಿಯರೋ, ಅವನ ಹೆಂಡತಿಯೋ?’

ಇಬ್ಬರೂ ಅಲ್ಲ ಎಂಬುದು ನನ್ನ ಉತ್ತರ. ‘ಹೆಣ್ಣಿನಿಂದ ರಾವಣ ಕೆಟ್ಟ, ಮಣ್ಣಿನಿಂದ ಕೌರವ ಕೆಟ್ಟ’ ಎಂಬ ಗಾದೆ ಕೇಳುತ್ತಲೇ ಬೆಳೆದವರು ನಾವು. ಹಾಗಾಗಿ ಶೇಕ್ಸ್‌ಪಿಯರ್‌ನ ಈ ನಾಟಕ ಓದಿದ ಕೂಡಲೇ ಮನಸ್ಸು ಒಬ್ಬ ಹೆಂಗಸನ್ನು ಹುಡುಕುತ್ತದೆ. ಇಲ್ಲಿ ಒಬ್ಬಳಲ್ಲ, ನಾಲ್ವರು ಸಿಗುತ್ತಾರೆ. ನಾನೂ ಬಹಳ ವರ್ಷ ಹಾಗೆಯೇ ಓದಿದ್ದೆ.

ನಾಟಕ ಓದದವರಿಗಾಗಿ ಕಥೆ ಇಷ್ಟು. ಸ್ಕಾಟ್ಲೆಂಡಿನ ದಳಪತಿ ಮ್ಯಾಕ್‌ಬೆತ್ ಯುದ್ಧ ಗೆದ್ದು ಗೆಳೆಯ ಬ್ಯಾಂಕೋ ಜೊತೆ ಮರಳುವಾಗ ಬಯಲಿನಲ್ಲಿ ಎದುರಾದ ಮೂವರು ‘ನೀನು ರಾಜನಾಗುವೆ’ ಎನ್ನುತ್ತಾರೆ. ಅವನು ಹೆಂಡತಿಗೆ ಕಾಗದ ಬರೆಯುತ್ತಾನೆ. ತನ್ನ ಮನೆಗೆ ಅತಿಥಿಯಾಗಿ ಬಂದ ರಾಜ ಡಂಕನ್‌ನನ್ನು ರಾತ್ರಿ ಇರಿದು ಪಟ್ಟವೇರುತ್ತಾನೆ. ಪಟ್ಟ ಉಳಿಸಿಕೊಳ್ಳಲು ಬ್ಯಾಂಕೋನನ್ನು ಕೊಲ್ಲಿಸುತ್ತಾನೆ, ಆಮೇಲೆ ಮ್ಯಾಕ್‌ಡಫ್ ಎಂಬ ಸರದಾರನ ಹೆಂಡತಿ ಮಕ್ಕಳನ್ನು. ಕೊನೆಗೆ ಆ ಮ್ಯಾಕ್‌ಡಫ್‌ನ ಕೈಯಲ್ಲಿ ಸಾಯುತ್ತಾನೆ.

ಮೊದಲ ಭೇಟಿಯಲ್ಲಿ ಮಾಟಗಾತಿಯರು ‘ಕೊಲ್ಲು’ ಎನ್ನುವುದೇ ಇಲ್ಲ. ರಾಜನಾಗುವೆ ಎನ್ನುತ್ತಾರೆ, ಅಷ್ಟೇ. ಅದನ್ನು ಕೇಳಿದ ಕೆಲವೇ ಕ್ಷಣಗಳಲ್ಲಿ ಕೊಲೆ ಎಂಬ ಪದವನ್ನು ತನ್ನಷ್ಟಕ್ಕೆ ತಾನೇ ಆಡಿಕೊಳ್ಳುವವನು ಮ್ಯಾಕ್‌ಬೆತ್. ಪಕ್ಕದಲ್ಲೇ ನಿಂತಿದ್ದ ಬ್ಯಾಂಕೋಗೂ ಭವಿಷ್ಯ ಹೇಳಿದ್ದರು, ನಿನ್ನ ವಂಶದವರು ರಾಜರಾಗುವರೆಂದು. ಅವನು ಯಾರನ್ನೂ ಇರಿಯಲಿಲ್ಲ. ಅದೇ ದೃಶ್ಯದ ಆರಂಭದಲ್ಲಿ ಓದುಗರು ದಾಟಿಕೊಂಡು ಹೋಗುವ ಒಂದು ಸಣ್ಣ ಪ್ರಸಂಗವಿದೆ. ನಾವಿಕನೊಬ್ಬನ ಹೆಂಡತಿ ಮಡಿಲಲ್ಲಿ ಚೆಸ್ಟ್‌ನಟ್ ಇಟ್ಟುಕೊಂಡು ಮೆಲ್ಲುತ್ತಿದ್ದಳಂತೆ. ಮಾಟಗಾತಿ ‘ನನಗೂ ಕೊಡು’ ಎಂದು ಕೈಚಾಚಿದಳು. ಅವಳು ‘ತೊಲಗು ಮಾಟಗಾತಿ’ ಎಂದು ಓಡಿಸಿದಳು. ಅದಕ್ಕೆ ಸೇಡಾಗಿ ಈಕೆ ಆ ನಾವಿಕನ ಹಡಗಿನ ಮೇಲೆ ಬಿರುಗಾಳಿ ಎಬ್ಬಿಸುತ್ತಾಳೆ. ಆದರೆ ಅವಳೇ ಒಪ್ಪಿಕೊಳ್ಳುವ ಒಂದು ಮಿತಿ ಇದೆ: ಹಡಗನ್ನು ತೊಳಲಾಡಿಸಬಲ್ಲಳು, ಮುಳುಗಿಸಲಾರಳು. ಮ್ಯಾಕ್‌ಬೆತ್‌ನ ವಿಷಯದಲ್ಲೂ ಇವರ ಶಕ್ತಿ ಇಷ್ಟೇ ಎಂದು ನಾನು ಓದುತ್ತೇನೆ.

ಈ ಪ್ರಸಂಗಕ್ಕೆ ಹೊರಗಿನ ಲೋಕದಲ್ಲೂ ಬೇರಿದೆ. ಏನಾದರೂ ಬೇಡಲು ಬಂದ ಬಡ ಮುದುಕಿಯನ್ನು ಬರಿಗೈಯಲ್ಲಿ ಕಳಿಸುವುದು, ಅವಳು ಗೊಣಗುತ್ತಾ ಹೋಗುವುದು, ಆಮೇಲೆ ಮನೆಯಲ್ಲಿ ಏನಾದರೂ ಕೆಟ್ಟರೆ ಅವಳ ಮೇಲೆ ಮಾಟದ ಆರೋಪ ಹೊರಿಸುವುದು. ಆರೋಪಗಳು ಹುಟ್ಟುವುದೇ ಹೀಗೆ ಎಂದು ರೆಜಿನಾಲ್ಡ್ ಸ್ಕಾಟ್ ಎಂಬ ಇಂಗ್ಲಿಷ್ ಲೇಖಕ 1584ರಲ್ಲೇ ಬರೆದಿದ್ದ. ಸ್ಕಾಟ್ಲೆಂಡಿನಲ್ಲಿ ಮಾಟವನ್ನು ಮರಣದಂಡನೆಯ ಅಪರಾಧವಾಗಿಸಿದ ಕಾನೂನು 1563ರಿಂದ 1736ರವರೆಗೆ ಜಾರಿಯಲ್ಲಿತ್ತು. ಆ ಅವಧಿಯಲ್ಲಿ ಆರೋಪಕ್ಕೆ ಗುರಿಯಾದ ಸುಮಾರು 3,800 ಮಂದಿಯಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಹೆಂಗಸರು. ಸ್ಕಾಟ್ಲೆಂಡಿನ ದೊರೆ ಆರನೆಯ ಜೇಮ್ಸ್ ಡೆನ್ಮಾರ್ಕಿನ ರಾಜಕುಮಾರಿಯನ್ನು ಮದುವೆಯಾಗಿ ಬರುವಾಗ ಸಮುದ್ರದಲ್ಲಿ ಬಿರುಗಾಳಿ ಎದ್ದಿತು. ಅದಕ್ಕೆ ಮಾಟವೇ ಕಾರಣವೆಂದು 1590-91ರಲ್ಲಿ ನಾರ್ತ್ ಬೆರ್ವಿಕ್ ವಿಚಾರಣೆಗಳು ನಡೆದವು. ಔಷಧಿ ಕೊಡುತ್ತಿದ್ದ ಆಗ್ನೆಸ್ ಸ್ಯಾಂಪ್ಸನ್ ಎಂಬಾಕೆಯನ್ನು ಖುದ್ದು ದೊರೆಯೇ ಪ್ರಶ್ನಿಸಿದ. ಚಿತ್ರಹಿಂಸೆ ಕೊಟ್ಟು ತಪ್ಪೊಪ್ಪಿಗೆ ಪಡೆದು ಅವಳನ್ನು ಕೊಂದರು. ಈ ಮಾಟಗಾತಿಯರು ಜರಡಿಗಳಲ್ಲಿ ಕುಳಿತು ಸಮುದ್ರ ದಾಟಿದರೆಂದು ಆಗಿನ ಕರಪತ್ರವೊಂದು ಅಚ್ಚು ಹಾಕಿತು. ಶೇಕ್ಸ್‌ಪಿಯರ್‌ನ ಮಾಟಗಾತಿಯೂ ‘ಜರಡಿಯಲ್ಲಿ ಕುಳಿತು ಹೋಗುತ್ತೇನೆ’ ಎನ್ನುತ್ತಾಳೆ. 1603ರಲ್ಲಿ ಇಂಗ್ಲೆಂಡಿನ ಸಿಂಹಾಸನವೂ ದಕ್ಕಿದ್ದು ಇದೇ ಜೇಮ್ಸ್‌ನಿಗೆ. ನಾಟಕ ರಚನೆಯಾದದ್ದು 1606ರ ಆಸುಪಾಸಿನಲ್ಲಿ.

ಇನ್ನು ಹೆಂಡತಿ. ನಾಟಕದಲ್ಲಿ ಆಕೆಗೆ ಸ್ವಂತ ಹೆಸರೇ ಇಲ್ಲ. ಇತಿಹಾಸದ ಮ್ಯಾಕ್‌ಬೆತ್‌ನ (ಆಳಿದ್ದು 1040ರಿಂದ 1057) ಹೆಂಡತಿಗೆ ಗ್ರುವೋಖ್ ಎಂಬ ಹೆಸರಿತ್ತು, ಅವಳ ಮೈಯಲ್ಲೇ ರಾಜವಂಶದ ರಕ್ತವಿತ್ತು. ನಾಟಕದವಳಿಗೆ ಗಂಡನ ಕಿರೀಟದ ಹೊರತು ಬೇರೆ ದಾರಿ ಇಲ್ಲ. ಕಾಗದ ಓದಿ ಮುಗಿಸಿದ ಮೇಲೆ ಆಕೆ ದುಷ್ಟಶಕ್ತಿಗಳನ್ನು ಕರೆದು, ನನ್ನ ಹೆಣ್ತನವನ್ನು ಕಿತ್ತುಹಾಕಿ, ನನ್ನ ಎದೆಹಾಲನ್ನು ಪಿತ್ತವಾಗಿಸಿ ಎಂದು ಬೇಡುತ್ತಾಳೆ. ಹುಟ್ಟಾ ಕ್ರೂರಿಯಾಗಿದ್ದರೆ ಹೀಗೆ ಬೇಡುವ ಅಗತ್ಯವೇ ಇರುತ್ತಿರಲಿಲ್ಲ. ಆ ಕಾಲದ ಇಂಗ್ಲಿಷ್ ರಂಗಭೂಮಿಯಲ್ಲಿ ಈ ಮಾತನ್ನು ಆಡುತ್ತಿದ್ದವನು ಹೆಣ್ಣುಡುಗೆ ತೊಟ್ಟ ಹುಡುಗ. ಯಕ್ಷಗಾನದ ಸ್ತ್ರೀವೇಷ ಕಂಡು ಬೆಳೆದವರಿಗೆ ಆ ಸಾಲು ಎಷ್ಟು ವಿಚಿತ್ರವಾಗಿ ಕೇಳಿಸಿರಬೇಕೆಂದು ಬಿಡಿಸಿ ಹೇಳಬೇಕಿಲ್ಲ.

ಆಮೇಲೆ ಆಕೆ ಗಂಡನ ಮೇಲೆ ಪ್ರಯೋಗಿಸುವುದು ಒಂದೇ ಒಂದು ಆಯುಧ: ನೀನು ಗಂಡಸೇನು? ಕೈಗೆ ಬಳೆ ತೊಟ್ಟುಕೋ ಎಂದು ನಮ್ಮಲ್ಲಿ ಹಂಗಿಸುವುದಿಲ್ಲವೇ, ಅದೇ. ನನ್ನ ಪ್ರಕಾರ ಈ ನಾಟಕದ ನಿಜವಾದ ಮಾಟ ಇದೇ. ಇದನ್ನು ಅವಳು ಹುಟ್ಟಿಸಲಿಲ್ಲ, ಸುತ್ತಲಿನ ಗಂಡಸರ ಲೋಕದಿಂದ ಎತ್ತಿಕೊಂಡಳು. ಗಂಡನೂ ಬೇಗ ಕಲಿಯುತ್ತಾನೆ. ಬ್ಯಾಂಕೋನನ್ನು ಕೊಲ್ಲಲು ಕರೆಸಿದವರು ‘ನಾವೂ ಗಂಡಸರೇ’ ಎಂದಾಗ, ಹೌದು, ಬೇಟೆನಾಯಿಯೂ ಕಂತ್ರಿನಾಯಿಯೂ ನಾಯಿಗಳ ಪಟ್ಟಿಯಲ್ಲೇ ಬರುತ್ತವೆ, ನೀವು ಯಾವ ಬಗೆಯವರು ಎಂದು ಕೆಣಕುತ್ತಾನೆ.

ಕೆಲವು ವರ್ಷಗಳ ಹಿಂದೆ ನಮ್ಮ ಹವ್ಯಾಸಿ ತಂಡದ ವಾಚನಕ್ಕಾಗಿ ಕೆಲವು ದೃಶ್ಯಗಳನ್ನು ನಾನೇ ಕನ್ನಡಕ್ಕೆ ತರಲು ಕುಳಿತೆ. ಎಂ. ಎಲ್. ಶ್ರೀಕಂಠೇಶಗೌಡರು 1895ರಲ್ಲೇ ‘ಪ್ರತಾಪರುದ್ರದೇವ’ ಎಂದು ಇದನ್ನು ಕನ್ನಡಕ್ಕೆ ಒಗ್ಗಿಸಿದ್ದರು. ಆದರೆ ನಮಗೆ ಇವತ್ತಿನ ಆಡುಮಾತಿಗೆ ಹತ್ತಿರವಾದ ಗದ್ಯ ಬೇಕಿತ್ತು. ‘ಮ್ಯಾನ್’ ಎಂಬ ಒಂದು ಪದದ ಎದುರು ಪೆನ್ಸಿಲ್ ನಿಂತುಹೋಯಿತು. ಇಂಗ್ಲಿಷಿನಲ್ಲಿ ಅದು ಗಂಡಸೂ ಹೌದು, ಮನುಷ್ಯನೂ ಹೌದು. ಮ್ಯಾಕ್‌ಬೆತ್ ಹೇಳುತ್ತಾನೆ: ‘ಮನುಷ್ಯನಿಗೆ ತಕ್ಕದ್ದೆಲ್ಲವನ್ನೂ ಮಾಡುವ ಎದೆ ನನಗಿದೆ, ಅದನ್ನು ಮೀರುವವನು ಮನುಷ್ಯನೇ ಅಲ್ಲ.’ ಅವಳು ತಿರುಗಿಸಿ ಹೇಳುತ್ತಾಳೆ: ‘ಮಾಡುತ್ತೇನೆ ಎಂದಾಗ ನೀನು ಗಂಡಸಾಗಿದ್ದೆ.’ ಮೂಲದಲ್ಲಿ ಎರಡು ಕಡೆಯೂ ಅದೇ ಪದ. ಅವನು ಮನುಷ್ಯತ್ವದ ಅರ್ಥದಲ್ಲಿ ಮುಂದಿಟ್ಟದ್ದನ್ನು ಅವಳು ಗಂಡಸ್ತನದ ಅರ್ಥದಲ್ಲಿ ಹಿಂದಿರುಗಿಸಿದಳು, ಅವನಿಗೆ ಅದು ತಿಳಿಯಲೇ ಇಲ್ಲ. ಕನ್ನಡದಲ್ಲಿ ಎರಡು ಪದ ಬಳಸಿದ ಕೂಡಲೇ ಅವಳ ಚಾಣಾಕ್ಷತನ ಮುಕ್ಕಾಯಿತು, ಜಗಳ ಮಾತ್ರ ಹಗಲಿನಷ್ಟು ಸ್ಪಷ್ಟವಾಯಿತು.

ಇದಕ್ಕಿಂತ ಕಾಡಿದ ಸಾಲು ನಾಲ್ಕನೆಯ ಅಂಕದ್ದು. ಹೆಂಡತಿ ಮಕ್ಕಳು ಹತರಾದ ಸುದ್ದಿ ಕೇಳಿ ಮ್ಯಾಕ್‌ಡಫ್ ಕುಸಿಯುತ್ತಾನೆ. ರಾಜಕುಮಾರ ಮಾಲ್ಕಮ್ ‘ಗಂಡಸಿನಂತೆ ಎದುರಿಸು’ ಎನ್ನುತ್ತಾನೆ. ಮ್ಯಾಕ್‌ಡಫ್‌ನ ಉತ್ತರವನ್ನು ನಾನು ಮೊದಲು ‘ಎದುರಿಸುತ್ತೇನೆ, ಆದರೆ ಮನುಷ್ಯನಾಗಿ ಈ ಸಂಕಟವನ್ನು ಉಣ್ಣಲೂಬೇಕು’ ಎಂದು ಬರೆದೆ. ಕೇಳಲು ಚೆನ್ನಾಗಿತ್ತು. ತಾಲೀಮಿನಲ್ಲಿ ಕೇಳಿದಾಗ ತಪ್ಪೆನಿಸಿತು. ‘ಮನುಷ್ಯ’ ಎಂದುಬಿಟ್ಟರೆ ದುಃಖವನ್ನು ಗಂಡಸ್ತನದ ಹೊರಗೆ ಇಟ್ಟಂತಾಗುತ್ತದೆ. ಆ ತಂದೆ ಹೇಳುತ್ತಿರುವುದು ಬೇರೆ: ಅಳುವುದೂ ಗಂಡಸಿನದೇ ಕೆಲಸ. ಅಳಿಸಿ ‘ಗಂಡಸಾಗಿಯೇ ಈ ಸಂಕಟವನ್ನು ಉಣ್ಣಲೂಬೇಕು’ ಎಂದು ತಿದ್ದಿದೆ. ಇಡೀ ನಾಟಕದಲ್ಲಿ ಆ ಪದಕ್ಕೆ ಕೊಲ್ಲುವುದರಾಚೆಗಿನ ಅರ್ಥ ಕೊಡಲು ಒಬ್ಬ ಗಂಡಸು ಹೆಣಗುವುದು ಆ ಒಂದು ಗಳಿಗೆಯಲ್ಲಿ. ಕೊಂಚ ಹೊತ್ತಿಗೆ ಅವನೂ ಕತ್ತಿಯ ಮಾತಿಗೆ ಮರಳುತ್ತಾನೆ.

ಆ ಹೊತ್ತಿಗೆ ಲೇಡಿ ಮ್ಯಾಕ್‌ಬೆತ್ ಎಲ್ಲಿದ್ದಾಳೆ? ಕೊಲೆಗೆ ಮುನ್ನ ಬರೆದ ಕಾಗದದಲ್ಲಿ ಗಂಡ ಅವಳನ್ನು ತನ್ನ ಹಿರಿಮೆಯ ಪಾಲುದಾರಳೆಂದು ಕರೆದಿದ್ದ. ಬ್ಯಾಂಕೋನ ಕೊಲೆಗೆ ಸಂಚು ಹೂಡಿದಾಗ ‘ನಿನಗೆ ತಿಳಿಯದಿರುವುದೇ ಒಳ್ಳೆಯದು, ಮರಿ’ ಎನ್ನುತ್ತಾನೆ. ಪಾಲುದಾರಳು ಎರಡೇ ಅಂಕಗಳಲ್ಲಿ ಮರಿಯಾದಳು. ಅಧಿಕಾರಕ್ಕಾಗಿ ಹೆಣ್ತನವನ್ನೇ ತೊರೆಯಲು ಮುಂದಾದವಳಿಗೆ ದಕ್ಕಿದ್ದು, ಔತಣದಲ್ಲಿ ಬ್ಯಾಂಕೋನ ಪ್ರೇತ ಕಂಡು ಬೆದರಿದ ಗಂಡನ ಹುಚ್ಚಾಟವನ್ನು ಮುಚ್ಚಿಹಾಕುವ ಗೃಹಿಣಿಯ ಕೆಲಸ.

ಐದನೆಯ ಅಂಕದಲ್ಲಿ ಅವಳು ನಿದ್ದೆಯಲ್ಲಿ ನಡೆಯುತ್ತಾ ಬರುತ್ತಾಳೆ. ಕೈಯಲ್ಲಿ ಮೇಣದಬತ್ತಿ. ಕತ್ತಲನ್ನು ಕರೆದವಳಿಗೆ ಈಗ ಸದಾ ಬೆಳಕು ಬೇಕು. 1785ರಲ್ಲಿ ಲಂಡನ್ನಿನಲ್ಲಿ ಈ ಪಾತ್ರ ಮಾಡಿದ ಸಾರಾ ಸಿಡನ್ಸ್, ಹಿಂದಿನ ನಟಿಯ ಪದ್ಧತಿ ಮುರಿದು ಬತ್ತಿಯನ್ನು ಕೆಳಗಿಟ್ಟು, ಇಲ್ಲದ ರಕ್ತದ ಕಲೆ ತೊಳೆಯುವಂತೆ ಎರಡೂ ಕೈಗಳನ್ನು ಉಜ್ಜಿದಳು. ರಂಗಮಂದಿರದ ಒಡೆಯ ಬೇಡವೆಂದಿದ್ದರೂ ಕೇಳಲಿಲ್ಲ. ಆ ಕೈ ಉಜ್ಜುವುದು ಎಲ್ಲರಿಗೂ ನೆನಪಿರುತ್ತದೆ. ನಡುವೆ ಅವಳು ಗುನುಗುವ ಮಾತು ಕೆಲವರಿಗೆ ಮಾತ್ರ: ‘ಫೈಫ್‌ನ ಒಡೆಯನಿಗೆ ಒಬ್ಬ ಹೆಂಡತಿಯಿದ್ದಳು. ಈಗೆಲ್ಲಿ ಅವಳು?’ ಫೈಫ್‌ನ ಒಡೆಯ ಎಂದರೆ ಮ್ಯಾಕ್‌ಡಫ್.

ನೀವು ಮತ್ತೊಮ್ಮೆ ಓದುವುದಾದರೆ ಮೂರು ದೃಶ್ಯಗಳನ್ನು ಒಟ್ಟಿಗೆ ಓದಿ. ನಾಟಕದಲ್ಲೂ ಅವು ಒಂದರ ಹಿಂದೆ ಒಂದು ಬರುತ್ತವೆ. ಮೊದಲನೆಯದರಲ್ಲಿ ಮ್ಯಾಕ್‌ಡಫ್‌ನ ಹೆಂಡತಿ ‘ನಾನು ಯಾರಿಗೂ ಕೆಡುಕು ಮಾಡಿಲ್ಲ’ ಎಂದು, ಮರುಕ್ಷಣವೇ ಇದೆಂಥ ಹೆಂಗಸಿನ ಸಮಜಾಯಿಷಿ ಎಂದುಕೊಂಡು ಸಾಯುತ್ತಾಳೆ. ಎರಡನೆಯದರಲ್ಲಿ ಅವಳ ಗಂಡ ಗಂಡಸಾಗಿ ಅಳುತ್ತಾನೆ. ಮೂರನೆಯದರಲ್ಲಿ, ಅವಳನ್ನು ಕೊಲ್ಲಿಸಿದವನ ಹೆಂಡತಿ ನಿದ್ದೆಗಣ್ಣಿನಲ್ಲಿ ಅವಳನ್ನು ಹುಡುಕುತ್ತಾಳೆ.