ಸಂಪಾದಕರ ಉತ್ತರ: ಸೈರಂಧ್ರಿಗೂ ಪದ್ಯ ಬೇಕು

ಕುಮಟಾದ ಮಾಸ್ತರರಿಗೆ ನಮಸ್ಕಾರ.

ರಜೆಗೆ ಬಂದ ಮಗ ಹಚ್ಚಿಕೊಟ್ಟ ‘ಬ್ರೇಕಿಂಗ್ ಬ್ಯಾಡ್’ ಧಾರಾವಾಹಿಯ 62 ಕಂತುಗಳನ್ನೂ ಈ ಮಳೆಗಾಲದಲ್ಲಿ ನೋಡಿ ಮುಗಿಸಿದ್ದೀರಿ. ಕ್ಯಾನ್ಸರ್ ಬಂದ ರಸಾಯನಶಾಸ್ತ್ರದ ಮೇಷ್ಟ್ರು ವಾಲ್ಟರ್ ವೈಟ್ ಮಾದಕವಸ್ತು ತಯಾರಿಗೆ ಇಳಿದು ಕೊಲೆಯವರೆಗೆ ಹೋದರೂ, ಪೊಲೀಸರು ಹತ್ತಿರ ಬಂದಾಗಲೆಲ್ಲ ‘ಹೇಗಾದರೂ ತಪ್ಪಿಸಿಕೊಳ್ಳಲಿ’ ಎಂದು ನಿಮ್ಮ ಮನಸ್ಸು ಹಾರೈಸಿತಂತೆ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನಿಗೆ ಇದು ಸಲ್ಲುತ್ತದೆಯೇ, ಇಂಥದ್ದನ್ನು ನಿಮ್ಮ ಪತ್ರಿಕೆ ಹೊಗಳಬಹುದೇ ಎಂದು ಕೇಳಿದ್ದೀರಿ.

ಹಾರೈಸಿದ್ದಕ್ಕೆ ಕುಗ್ಗಬೇಡಿ. ಯಕ್ಷಗಾನದ ಆಟ ನೋಡಿ ಬೆಳೆದ ನಮ್ಮ ಜಿಲ್ಲೆಯವರಿಗೆ ಇದು ಹೊಸತೇನಲ್ಲ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕನನ್ನು ನಾನು ಮೊದಲು ನೋಡಿದ್ದು ಶಿರಸಿ ಹತ್ತಿರದ ಒಂದು ಗದ್ದೆಬಯಲಿನಲ್ಲಿ, ಕಂಬಳಿ ಹೊದ್ದು ಕೂತು. ಸೈರಂಧ್ರಿಯಾಗಿ ವೇಷ ಮರೆಸಿಕೊಂಡ ದ್ರೌಪದಿಯನ್ನು ಕಂಡ ಆ ಕೀಚಕನ ಕಣ್ಣು, ಹುಬ್ಬು, ಕೊರಳು ಒಂದೊಂದೂ ಬೇರೆ ಬೇರೆಯಾಗಿ ಕುಣಿಯುತ್ತಿದ್ದವು. ಅವನು ಎಂಥವನು, ಏನು ಮಾಡಲು ಹೊರಟಿದ್ದಾನೆ ಎಂಬುದು ಮಕ್ಕಳಿಗೂ ಗೊತ್ತು. ಆದರೂ ಅವನ ವಿರಹ ಬಯಲಿನ ಎಲ್ಲರದಾಗಿತ್ತು. ನಮ್ಮ ಬನವಾಸಿಯನ್ನು ಮನಸಾರೆ ನೆನೆದ ಪಂಪನೂ ಹಾಗೇ ಅಲ್ಲವೇ? ಅರ್ಜುನನನ್ನು ನಾಯಕನಾಗಿಟ್ಟುಕೊಂಡು ಭಾರತ ಬರೆಯುತ್ತ, ಎದುರು ಪಕ್ಷದಲ್ಲಿ ನಿಂತ ಕರ್ಣನಿಗೆ ಮನಸೋತ.

ವಾಲ್ಟರ್‌ನನ್ನೂ ಹಾಗೆಯೇ ಹತ್ತಿರದಿಂದ ತೋರಿಸಿದ್ದಾರೆ. ಎರಡನೇ ಸೀಸನ್ನಿನಲ್ಲಿ ಜೇನ್ ಎಂಬ ಹುಡುಗಿ ನಶೆಯ ನಿದ್ದೆಯಲ್ಲಿ ವಾಂತಿ ಮಾಡಿಕೊಂಡು ಉಸಿರುಗಟ್ಟುತ್ತಾಳೆ. ಇವನು ಧಾವಿಸಿ ಹೋಗುತ್ತಾನೆ, ಪಕ್ಕಕ್ಕೆ ಹೊರಳಿಸಿದರೆ ಸಾಕು. ಅಲ್ಲೇ ನಿಂತುಬಿಡುತ್ತಾನೆ. ಬಾಯಿಗೆ ಕೈ ಅಡ್ಡ ಹಿಡಿಯುತ್ತಾನೆ, ಕಣ್ಣು ತುಂಬುತ್ತದೆ, ಹುಡುಗಿ ಸಾಯುತ್ತಾಳೆ. ವಾಲ್ಟರ್ ಪಾತ್ರ ಮಾಡಿದ ಬ್ರಯಾನ್ ಕ್ರಾನ್‌ಸ್ಟನ್ ಮುಖದ ಮೇಲೆ ಆ ಕೆಲವು ಕ್ಷಣಗಳಲ್ಲಿ ಹಾದುಹೋಗುವುದನ್ನು ನೋಡಿದವರು ಅವನನ್ನು ಬರೀ ರಾಕ್ಷಸ ಎಂದು ತಳ್ಳಿಹಾಕಲಾರರು, ಕ್ಷಮಿಸಲಾರರು ಕೂಡ. ಆ ಸಾವು ಅಲ್ಲಿಗೆ ನಿಲ್ಲುವುದಿಲ್ಲ. ವಿಮಾನ ಸಂಚಾರ ನಿಯಂತ್ರಿಸುವ ಅವಳ ಅಪ್ಪ ದುಃಖದಲ್ಲೇ ಕೆಲಸಕ್ಕೆ ಮರಳುತ್ತಾನೆ, ಎರಡು ವಿಮಾನಗಳು ಡಿಕ್ಕಿಯಾಗಿ 167 ಜನ ಸಾಯುತ್ತಾರೆ. ನಾವು ಹೊಗಳಿದ್ದು ಈ ಲೆಕ್ಕವನ್ನು ಮುಚ್ಚಿಡದ ಬರವಣಿಗೆಯನ್ನು. ಹೆಂಗಸಿನ ಹೆಣವೊಂದನ್ನು ಮೊದಲ ದೃಶ್ಯಕ್ಕೆ ಬಳಸಿಕೊಂಡು ಆಮೇಲೆ ಅವಳ ಹೆಸರನ್ನೂ ಮರೆಯುವ ಧಾರಾವಾಹಿಗಳು ಬೇಕಾದಷ್ಟಿವೆ. ಅವುಗಳ ಮೇಲೆ ನನಗೆ ಸಿಟ್ಟಿದೆ.

ನನ್ನನ್ನು ತಡೆದು ನಿಲ್ಲಿಸಿದ್ದು ನಿಮ್ಮ ಪತ್ರದ ಇನ್ನೊಂದು ಸಾಲು. ‘ಆ ಹೆಂಡತಿ ಸ್ಕೈಲರ್ ಬಂದರೆ ಸಾಕು, ಕಿರಿಕಿರಿಯಾಗುತ್ತಿತ್ತು’ ಎಂದು ಪ್ರಾಸಂಗಿಕವಾಗಿ ಬರೆದಿದ್ದೀರಿ. ಲಕ್ಷಾಂತರ ಜನಕ್ಕೆ ಹಾಗೇ ಆಯಿತು. ಆ ಪಾತ್ರ ಮಾಡಿದ ಆ್ಯನಾ ಗನ್, ಪಾತ್ರದ ಮೇಲಿನ ದ್ವೇಷ ತನ್ನ ಮೇಲೂ ತಿರುಗಿದ್ದನ್ನು 2013ರ ಆಗಸ್ಟಿನಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯಲ್ಲಿ ಬರೆಯಬೇಕಾಯಿತು. ಯೋಚಿಸಿ ಮಾಸ್ತರರೆ, ಅವಳು ಮಾಡಿದ ತಪ್ಪಾದರೂ ಏನು? ಆಮೇಲೆ ಅವಳೂ ಆ ಹಣದ ಕೆಸರಿಗೆ ಇಳಿದಳು, ನಿಜ. ಆದರೆ ನಮ್ಮ ಕಿರಿಕಿರಿ ಶುರುವಾಗಿದ್ದು ಗಂಡ ಸುಳ್ಳು ಹೇಳಿದಾಗ ಅವಳು ಅದನ್ನು ಕೆದಕಿದ್ದಕ್ಕೆ. ವಾಲ್ಟರ್ ಬಗೆಗಿನ ಮರುಕಕ್ಕಿಂತ ಇದು ನನ್ನನ್ನು ಹೆಚ್ಚು ಕಾಡುತ್ತದೆ, ಏಕೆಂದರೆ ನನಗೂ ಮೊದಲ ಸಲ ಕಿರಿಕಿರಿಯಾಗಿತ್ತು.

ಅಂದಿನ ಬಯಲಾಟದಲ್ಲಿ ಕೀಚಕನಿಗೆ ಸಿಳ್ಳೆ ಬಿದ್ದದ್ದು ಹೌದು. ಆದರೆ ಸಭೆಯಲ್ಲಿ ಒದೆಸಿಕೊಂಡ ಸೈರಂಧ್ರಿ ನಡುರಾತ್ರಿ ವಲಲನೆಂಬ ಹೆಸರಿನಲ್ಲಿದ್ದ ಭೀಮನ ಅಡುಗೆಮನೆಗೆ ಬಂದಳಲ್ಲ, ಹಾಡುವ ಭಾಗವತರು ಅವಳ ಪದ್ಯ ಎತ್ತಿದಾಗ ನನ್ನ ಪಕ್ಕದಲ್ಲಿದ್ದ ಅಜ್ಜಿ ಕವಳ ಜಗಿಯುವುದನ್ನೇ ನಿಲ್ಲಿಸಿಬಿಟ್ಟರು. ಸಿಳ್ಳೆ ಹಾಕಿದ ಹುಡುಗರೂ ಸುಮ್ಮನಾದರು. ಅವಳಿಗೂ ಪದ್ಯವಿತ್ತು, ಅರ್ಥದ ಮಾತಿತ್ತು, ಕೇಳುವ ಜನವಿತ್ತು.

ಸ್ಕೈಲರ್‌ಗೂ ಅಂಥದ್ದೊಂದು ಘಳಿಗೆ ಇದೆ, ಮಾತೇ ಇಲ್ಲದ್ದು. ಐದನೇ ಸೀಸನ್ನಿನ ನಾಲ್ಕನೇ ಕಂತು. ಗಂಡನ ಹುಟ್ಟುಹಬ್ಬದ ಊಟ ಮುಗಿದಿದೆ, ಅವನು ತನ್ನ ಕಾಯಿಲೆಯ ದಿನಗಳ ಬಗ್ಗೆ ಮಾತಾಡುತ್ತಿದ್ದಾನೆ. ಅವಳು ಎದ್ದು, ಉಟ್ಟ ಬಟ್ಟೆಯಲ್ಲೇ ಈಜುಕೊಳಕ್ಕೆ ಇಳಿದು ಮುಳುಗುತ್ತಾಳೆ. ದೀಪಾವಳಿಗೆ ಮಗ ಬಂದಾಗ ಅದೊಂದು ಕಂತನ್ನು ಇನ್ನೊಮ್ಮೆ ಹಚ್ಚಿ. ಈ ಸಲ ವಾಲ್ಟರ್‌ನನ್ನು ಬಿಟ್ಟು, ಊಟದ ಮೊದಲಿನಿಂದಲೂ ಅವಳ ಮುಖವನ್ನೇ ನೋಡುತ್ತಿರಿ. ನೋಡಿ ನನಗೆ ಬರೆಯಿರಿ, ಆ ಪತ್ರವನ್ನೂ ಅಚ್ಚು ಹಾಕುತ್ತೇನೆ.